ಕುರಿರೊಪ್ಪದಲ್ಲಿ ಲೋಬೊ

"ನಿಮ್ಮ ಮನಿತನದ ಹೆಸರು ಏನಬೇ ಯವ್ವಾ?" ಎಂದು ಪಾಲಪ್ಪಜ್ಜ ಕೇಳಿದ್ದೇ ತಡ, ಲವೀನಾಳ ಎದೆ ಧಸಕ್ಕೆಂದಿತು.

ಅವಳ ತೊಡೆಯ ಮೇಲೆ ಮೊನ್ನೆ ಹುಟ್ಟಿದ ಕುರಿಮರಿ ಮಲಗಿತ್ತು. ಪಕ್ಕದಲ್ಲಿ ಗೆಳತಿ ಪಂಪಾವತಿ ಕೂತಿದ್ದಳು. ಇಬ್ಬರದೂ ಹೊಸಪೇಟೆಯ ಶಾಲೆಯಲ್ಲಿ ಐದನೇ ಕ್ಲಾಸು, ಒಂದೇ ಬೆಂಚು. ಭಾನುವಾರವೆಂದು ಪಂಪಾವತಿ ಅವಳನ್ನು ಪಾಪಿನಾಯಕನಹಳ್ಳಿಗೆ, ತನ್ನ ಅಜ್ಜನ ಕುರಿರೊಪ್ಪಕ್ಕೆ ಕರೆತಂದಿದ್ದಳು. ಸುತ್ತ ಜಾಲಿಮುಳ್ಳಿನ ಬೇಲಿ, ಒಳಗೆ ಮರಿಗಳ ಗದ್ದಲ.

ಅಜ್ಜ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಕಡೆ ಹೊಸಬರು ಯಾರೇ ಬರಲಿ, ಉಣ್ಣಲು ಕೊಟ್ಟು ಕೂರಿಸಿದ ಮೇಲೆ ಮನೆತನ ಕೇಳಲೇಬೇಕು. ಕೇಳದಿದ್ದರೆ ಬಂದವರನ್ನು ಲೆಕ್ಕಕ್ಕೇ ಇಟ್ಟಿಲ್ಲವೆಂದು ಅರ್ಥ.

"ಲೋಬೊ" ಎಂದಳು ಲವೀನಾ, ತೊಡೆಯ ಮೇಲಿನ ಮರಿಗೂ ಕೇಳಿಸದಷ್ಟು ಮೆಲ್ಲಗೆ.

ಅದು ಯಾವ ಕಡೆಯದು ಎಂದು ಅಜ್ಜ ಕೇಳಿದ. ಇದೇನೋ ಸುಲಭವಾಗಿತ್ತು. ಪಪ್ಪ ಮೊನ್ನೆ ತಾನೇ ಹೇಳಿದ್ದರು. ನಾಲ್ಕೈದು ನೂರು ವರ್ಷಗಳ ಹಿಂದೆ ಗೋವಾದಲ್ಲಿ ಅವರ ಹಿರಿಯರು ಕ್ರೈಸ್ತರಾದಾಗ ಪೋರ್ಚುಗೀಸ್ ಪಾದ್ರಿಗಳು ಕೊಟ್ಟ ಹೆಸರದು. ಅಲ್ಲಿಂದ ಹಿರಿಯರ ಜೊತೆ ಮಂಗಳೂರಿಗೆ ಬಂತು. ಈಗ ಮಂಗಳೂರಲ್ಲಿ ಲೋಬೊಗಳಿಗೆ ಬರವಿಲ್ಲ. ಪೋರ್ಚುಗಲ್ಲಿನಲ್ಲೂ ಬ್ರೆಜಿಲ್ಲಿನಲ್ಲೂ ಬೇಕಾದಷ್ಟು ಮಂದಿ. ಪಪ್ಪನಿಗೆ ಈ ಕಡೆ ಸ್ಟೀಲ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಹೆಸರು ಹೊಸಪೇಟೆಯನ್ನೂ ನೋಡಿತು. ಅವಳು ಇದನ್ನೆಲ್ಲ ಗಡಗಡ ಒಪ್ಪಿಸಿಬಿಟ್ಟಳು.

ಅಜ್ಜ ಅಷ್ಟಕ್ಕೇ ಬಿಡಬೇಕಲ್ಲ. "ಹಂಗಂದ್ರ ಏನು ಅರ್ಥ?" ಎಂದ.

ಅರ್ಥವೂ ಗೊತ್ತಿತ್ತು, ಅದೇ ಗ್ರಹಚಾರ. ಪೋರ್ಚುಗೀಸರ ಭಾಷೆಯಲ್ಲಿ ಲೋಬೊ ಎಂದರೆ ತೋಳ. ಹೋದ ವಾರ ಇದೇ ರೊಪ್ಪಕ್ಕೆ ತೋಳ ನುಗ್ಗಿ, ಪಂಪಾವತಿ ಬಾಟಲಿ ಹಾಲು ಕುಡಿಸಿ ಸಾಕಿದ್ದ ಮರಿಯನ್ನು ಕಚ್ಚಿಕೊಂಡು ಹೋಗಿತ್ತು. ಪಂಪಾವತಿ ಶಾಲೆಯಲ್ಲಿ ಊಟದ ಡಬ್ಬಿಯನ್ನೇ ತೆರೆದಿರಲಿಲ್ಲ. ತೋಳದ ವಂಶವೇ ಹಾಳಾಗಲಿ ಎಂದು ಶಾಪ ಹಾಕಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಪಪ್ಪ ಅರ್ಥ ಹೇಳಿದಂದಿನಿಂದ ಲವೀನಾಳಿಗೆ ಗೆಳತಿಯ ಮುಖ ನೋಡಲೂ ಭಯ. ಗೊತ್ತಾದರೆ ಅವಳು ಮಾತು ಬಿಡುತ್ತಾಳೆ, ಬೆಂಚೂ ಬದಲಿಸುತ್ತಾಳೆ.

ಹೂವಿನ ಹೆಸರು ಅಂದುಬಿಡಲೇ ಎಂದುಕೊಂಡಳು. ಅಜ್ಜ ಅವಳನ್ನೇ ನೋಡುತ್ತಿದ್ದ. ಸುಳ್ಳು ಹೇಳಲಾಗಲಿಲ್ಲ.

"ತೋಳ, ಅಜ್ಜ."

ಪಂಪಾವತಿ ಲವೀನಾಳ ತೊಡೆಯಿಂದ ಮರಿಯನ್ನು ಎತ್ತಿಕೊಂಡು, ಎದೆಗೆ ಒತ್ತಿಕೊಂಡು, ಬೇಲಿಯ ಆ ಮೂಲೆಗೆ ಹೋಗಿ ನಿಂತಳು. ಇನ್ನು ಅಜ್ಜನೂ ಹೊರಗೆ ನಡಿ ಅನ್ನುತ್ತಾನೆ ಎಂದು ಲವೀನಾ ಕಾದಳು.

ಅಜ್ಜ ಎದ್ದ. ಹೊತ್ತು ಮುಳುಗುತ್ತಿತ್ತು, ಮೇಯಲು ಹೋದ ಕುರಿಗಳನ್ನು ಹೊಡೆದುಕೊಂಡು ಬರಲು ಅವನು ಎದುರು ಹೋಗಬೇಕಿತ್ತು. ಹೋಗುವ ಮುಂಚೆ ತನ್ನ ಕೋಲನ್ನು ಲವೀನಾಳ ಕೈಗೆ ಕೊಟ್ಟ.

"ನಾ ಬರೂತನಕ ಮರಿ ಕಾಯಿ. ಬಾಗಲ ಬಿಟ್ಟು ಕದಲಬ್ಯಾಡ."

"ಅಕಿ ಕೈಯಾಗ ಯಾಕ ಕೊಡ್ತಿ, ಅಜ್ಜ?" ಎಂದಳು ಪಂಪಾವತಿ.

"ಮರಿ ಒಯ್ದದ್ದು ಹಸಿದ ತ್ವಾಳ. ಈಕಿ ನಮ್ಮನ್ಯಾಗ ರೊಟ್ಟಿ ಉಂಡಾಳ." ಅಷ್ಟು ಹೇಳಿ ಅಜ್ಜ ಹೊರಟೇಹೋದ.

ಕತ್ತಲು ಇಳಿಯತೊಡಗಿತು. ಕೋಲು ಅವಳಿಗಿಂತ ಎತ್ತರವಿತ್ತು. ಬೇಲಿಯಾಚೆ ಏನೋ ಸರಸರ ಅಂದಿತು. ಮರಿಗಳೆಲ್ಲ ಒಮ್ಮೆಲೇ ಸುಮ್ಮನಾದವು. ಲವೀನಾಳಿಗೆ ಓಡಬೇಕು ಅನ್ನಿಸಿತು. ಓಡಿದರೆ ಮರಿಗಳ ಗತಿ? ಗೆಳತಿ ಮಾತು ಬಿಟ್ಟಾಳೆಂಬ ಭಯ ಆಗ ಅವಳ ನೆನಪಿಗೇ ಬರಲಿಲ್ಲ. ಅವಳು ಬಾಗಿಲಿಗೆ ಅಡ್ಡ ನಿಂತು ಕೋಲನ್ನು ನೆಲಕ್ಕೆ ಕುಟ್ಟಿದಳು.

ಹಿಂದಿನಿಂದ ಪಂಪಾವತಿ ಬಂದು ಪಕ್ಕದಲ್ಲಿ ನಿಂತಳು. "ನಿನಗೂ ಹೆದರಿಕಿ ಆಗತೈತೇನು?" ಎಂದಳು.

"ಭಾಳ," ಎಂದಳು ಲವೀನಾ. "ಮರೀಗೆ ಏನರ ಆದ್ರ ಅಂತ."

ಪಂಪಾವತಿ ಅವಳ ಕೈ ಹಿಡಿದುಕೊಂಡಳು. ಅಜ್ಜನ ಕುರಿಗಳ ಗಂಟೆ ಕೇಳಿಸುವವರೆಗೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.