ಎರಡೇ ಕಪ್ಪು

"ರೀ! ಚರ್ಚೊಳಗೆ ಕೂತು ತಿಂತಿದ್ದೀರಲ್ಲಾ, ಇದೇನು ನಿಮ್ಮಜ್ಜಿ ಮನೆನಾ?"

ತುವಾಳ ಕೂಗು ನೀಲಿ ಕಲ್ಲಿನ ಗೋಡೆಗಳಿಗೆ ಬಡಿದು ವಾಪಸ್ ಬಂತು. ದೊಡ್ಡ ಆರ್ಗನ್ ವಾದ್ಯದ ಹಿಂದಿನಿಂದ ಎದ್ದವನ ಬಾಯಿ ತುಂಬ ಏಲಕ್ಕಿ ಬನ್ನು. ಗಡ್ಡದ ಮೇಲೆಲ್ಲ ಸಕ್ಕರೆ!

ಅವನು ಸಿಕ್ಸ್ಟೆನ್, ಆರ್ಗನ್ ರಿಪೇರಿಗೆಂದು ಗೋಟ್‌ಲ್ಯಾಂಡ್ ದ್ವೀಪದಿಂದ ವಾಡ್‌ಸ್ಟೆನಾ ಊರಿಗೆ ಬಂದವನು. ಬಿರ್ಗಿಟ್ಟಾ ಪಂಥದ ಸನ್ಯಾಸಿನಿಯರ ಆ ಹಳೆಯ ಚರ್ಚಿಗೂ ಪಕ್ಕದ ಮಠದ ಮ್ಯೂಸಿಯಮ್ಮಿಗೂ ತುವಾಳೇ ಗೈಡು.

"ಅರ್ಧ ನಿಮಗೆ ಕೊಡ್ಲಾ?" ಎಂದ.

ಕೋಪ ಬರಬೇಕಿತ್ತು... ನಗು ಬಂತು.

ಆ ಬೇಸಿಗೆಯಲ್ಲಿ ಅವನು ಮೇಲೆ ಆರ್ಗನ್ನಿನ ಕೊಳವೆಗಳಿಗೆ ಶ್ರುತಿ ಕೂಡಿಸುತ್ತಿದ್ದರೆ, ಕೆಳಗೆ ಪ್ರವಾಸಿಗರ ಎದುರು ಇವಳ ಮಾತು ತಪ್ಪುತ್ತಿತ್ತು. 'ಅವನಿಗೂ ಹೀಗೇ ಆಗ್ತಿದೆಯಾ?' ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ಕೊನೆಗೊಂದು ದಿನ ಅವನೇ ಕೇಳಿದ. "ಮೂರು ಗಂಟೆಗೆ ತೋಟದಲ್ಲಿ ಕಾಫಿ ಕುಡಿಯೋಣ್ವಾ?"

"ಓ, ಖಂಡಿತ!"

ಆ ನಾಡಿನ ಪದ್ಧತಿಯಂತೆ ಕೆಲಸದ ಜಾಗದಲ್ಲಿ ಕಾಫಿ ಎಂದರೆ ಎಲ್ಲರದೂ. ಒಬ್ಬರನ್ನು ಬಿಟ್ಟು ಕುಡಿದರೂ ಅಲ್ಲಿ ಮುಖ ಊದಿಸಿಕೊಳ್ಳುತ್ತಾರೆ. ನಮ್ಮ ತುವಾ ಟಿಕೆಟ್ ಮಾರುವ ಗುನ್ವೋರ್‌ಳಿಂದ ಹಿಡಿದು ಮಾಲಿಗಳವರೆಗೆ ಎಲ್ಲರನ್ನೂ ಕರೆದುಕೊಂಡೇ ಹೋದಳು!

ಸಿಕ್ಸ್ಟೆನ್ ತೆಪ್ಪಗೆ ಬನ್ನು ಹಂಚಿದ. ಮರುದಿನದಿಂದ ಅವಳನ್ನು ಕಂಡರೆ ಕೊಳವೆಗಳ ಹಿಂದೆ ಸರಿದುಬಿಡುತ್ತಿದ್ದ.

'ನಾನೇನು ಮಾಡಿದೆ...?' ತುವಾ ಒಳಗೊಳಗೇ ಅತ್ತಳು.

ರಿಪೇರಿ ಮುಗಿದ ದಿನ ಗುನ್ವೋರ್ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೀ! ಅವತ್ತು ಅವನು ತಂದಿದ್ದು ಎರಡೇ ಕಪ್ಪು ಕಣೇ. ನಾವೆಲ್ಲ ನಮ್ಮ ಕಪ್ಪು ತರೋಕೆ ಒಳಗೆ ಓಡಿದ್ವಿ, ನೆನಪಿಲ್ವಾ? ಒಬ್ಬಳೇ ಬರೋಕೆ ಇಷ್ಟ ಇಲ್ದೆ ದಂಡು ಕಟ್ಕೊಂಡು ಬಂದೆ ಅಂದ್ಕೊಂಡಿದಾನೆ. ಈಗ ಬಸ್ಸಿಗೆ ಹೊರಟ!"

ತುವಾ ಓಡಿದಳು.

ಮ್ಯೂಸಿಯಮ್ಮಿನಲ್ಲಿ ಅವನು ಬೀಗದ ಕೈ ಒಪ್ಪಿಸುತ್ತಿದ್ದ. ಅವನ ಮುಖ ನೋಡುತ್ತಲೇ ಅವಳು ಕಣ್ಣು ತಪ್ಪಿಸಿ ಗೋಡೆಯತ್ತ ಕೈ ತೋರಿಸಿದಳು.

"ಒಂದು ನಿಮಿಷ... ಅಲ್ಲಿ ಕೂತ್ಕೊಳ್ತೀರಾ?"

ಅವಳು ತೋರಿಸಿದ್ದು ಹಳೆಯ ಕಬ್ಬಿಣದ ಜಾಲರಿ. ಹಿಂದೆ ಸನ್ಯಾಸಿನಿಯರು ಹೊರಗಿನವರೊಡನೆ ಅದರ ಮೂಲಕವೇ ಮಾತಾಡುತ್ತಿದ್ದರು. ನಡುವೆ ಕರಿಯ ಪರದೆ, ಮುಖ ಕಾಣದು. ತುವಾ ಆಚೆ ಬದಿಗೆ ಓಡಿ ಕುಳಿತಳು.

"ಮುಖ ನೋಡ್ತಾ ಹೇಳೋಕೆ ನನಗೆ ಬರಲ್ಲ, ಸಿಕ್ಸ್ಟೆನ್. ಕಾಫಿ ಎಲ್ಲರಿಗೂ ಅಂದ್ಕೊಂಡೆ. ನನ್ನೊಬ್ಬಳನ್ನೇ ಕರೀತೀರಿ ಅಂತ ಕನಸಲ್ಲೂ ಎಣಿಸಿರಲಿಲ್ಲ. ನನಗೆ... ನೀವಂದ್ರೆ ಪ್ರಾಣ!"

ಅವಳು ಜಾಲರಿಗೆ ಕಿವಿ ಹಚ್ಚಿದಳು.

'ಹೋಗಿಬಿಟ್ಟನಾ?' ಅವಳು ಕಣ್ಣು ಮುಚ್ಚಿಕೊಂಡಳು.

ಕಾಗದ ಸರಸರ ಎಂದಿತು. ಪರದೆ ಸರಿಸಿಕೊಂಡು ಒಂದು ಕೈ ಸರಳುಗಳ ನಡುವೆ ಬಂತು. ಕೈಯಲ್ಲಿ ಅರ್ಧ ಏಲಕ್ಕಿ ಬನ್ನು!

"ಇಲ್ಲಿ ತಿನ್ನಬಾರದು..." ಎನ್ನುತ್ತಾ ಅಳುತ್ತಲೇ ಕಚ್ಚಿದಳು. "ಬಸ್ಸು?"

"ಹೋಗ್ಲಿ ಬಿಡು. ಕಾಫಿಗೆ ಬರ್ತೀಯಾ?"

"ಬರ್ತೀನಿ."

"ಎಷ್ಟು ಜನ?"

ತುವಾ ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಎರಡೇ ಕಪ್ಪು ತಾ."