ಎರಡು ಮುಂಬಲ್ಲಿನ ಅಪಘಾತ

ಭಾವಮೈದುನ ಕೆಣಕದೇ ಇದ್ದಿದ್ದರೆ ಸರ್ವೇಯರ್ ಸೋಡಾ ಬಾಟಲಿಯ ಮುಚ್ಚಳಕ್ಕೆ ಹಲ್ಲು ಹಾಕುತ್ತಲೇ ಇರಲಿಲ್ಲ. "ಬಿಡಿ ಭಾವ, ಈಗೆಲ್ಲ ನಿಮ್ಮ ಕೈಲಿ ಆಗಲ್ಲ, ವಯಸ್ಸಾಯ್ತು" ಅಂದಿದ್ದ ಆ ಶನಿ. ಮುಚ್ಚಳವೇನೋ ಬಂತು. ಮೊದಲೇ ಅಲ್ಲಾಡುತ್ತಿದ್ದ ಎರಡು ಮುಂಬಲ್ಲುಗಳೂ ಅದರ ಜೊತೆಗೇ ಬೇರುಸಮೇತ ಬಂದವು. ಹೆಂಡತಿ ನಕ್ಕು ನಕ್ಕು ಸುಸ್ತಾಗಿ, ಕೊನೆಗೆ ತೀರ್ಪು ಕೊಟ್ಟಳು: "ಹಲ್ಲು ಕಟ್ಟಿಸ್ಕೊಳ್ಳೋವರೆಗೂ ನನ್ನ ಜೊತೆ ಎಲ್ಲಿಗೂ ಬರಬೇಡಿ."

ಕಟ್ಟಿಸುವ ಖರ್ಚು ಕೇಳಿ ಉಳಿದ ಹಲ್ಲುಗಳೂ ಅಲ್ಲಾಡಿದವು. ಅವನು ದುಡಿಯುತ್ತಿದ್ದ ವಿಮಾ ಕಂಪನಿ ನೌಕರರಿಗೂ ವಿಮೆ ಮಾಡಿಸಿತ್ತು, ಆದರೆ ಹಲ್ಲಿಗೆ ಹಣ ಸಿಗುವುದು ಅಪಘಾತದಲ್ಲಿ ಪೆಟ್ಟಾದರೆ ಮಾತ್ರ. ಬಾಟಲಿಯ ಮೇಲೆ ತೋರಿದ ಪೌರುಷ ಅಪಘಾತದ ಲೆಕ್ಕಕ್ಕೆ ಬರುವುದಿಲ್ಲ. ಇಷ್ಟು ವರ್ಷ ಕಂಪನಿಯ ಗಂಟು ಕಾಯ್ದವನಿಗೆ ಎರಡು ಹಲ್ಲಿನಷ್ಟೂ ಋಣವಿಲ್ಲವೇ ಎಂದು ಅವನಿಗೆ ಹೊಟ್ಟೆ ಉರಿಯಿತು. ಅಪಘಾತವೇ ಬೇಕೆಂದರೆ ಅಪಘಾತವನ್ನೇ ಕೊಡೋಣ. ಸಿಕ್ಕಿಬಿದ್ದರೆ ಹಲ್ಲಿನ ಹಿಂದೆ ಕೆಲಸವೂ ಹೋಗುತ್ತದೆ, ನಿಜ. ಆದರೆ ಸಿಕ್ಕಿಬೀಳುವುದು ದಡ್ಡರು.

ದಡ್ಡರನ್ನು ಹಿಡಿಯುವುದೇ ಅವನ ಉದ್ಯೋಗ. ಗ್ಯಾರೇಜುಗಳಲ್ಲಿ ಜಖಂಗೊಂಡ ಕಾರುಗಳ ಮುಂದೆ ಮಂಡಿಯೂರಿ, ಹಳೆಯ ನೆಗ್ಗಿಗೆ ಹೊಸ ಕತೆ ಕಟ್ಟಿಕೊಂಡು ಬಂದವರ ಬಣ್ಣ ಬಯಲು ಮಾಡುತ್ತಿದ್ದ. ಅವರೆಲ್ಲ ಕೆಡುವುದು ಆತುರದಿಂದ. ತುಕ್ಕು ಹಿಡಿದ ಗೀರಿನ ಪಕ್ಕದಲ್ಲೇ ಹೊಸ ಗೀರು ಎಳೆದು, ನಿನ್ನೆ ಲಾರಿ ಗುದ್ದಿತು ಎನ್ನುತ್ತಾರೆ. ಅವನು ಆತುರಪಡಲಿಲ್ಲ. ಬಾಟಲಿಯ ದೆಸೆಯಿಂದ ತುಟಿ ಬದನೆಕಾಯಿಯಂತೆ ಊದಿತ್ತು. ಅದು ಪೂರ್ತಿ ಇಳಿದು ಹಳೆಯ ಪೆಟ್ಟಿನ ಗುರುತೆಲ್ಲ ಅಳಿಯಲಿ ಎಂದು, ಗಂಟಲುನೋವಿನ ನೆಪ ಹೇಳಿ ಮೂರು ವಾರ ರಜೆ ಹಾಕಿದ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ ಇನ್ನೊಬ್ಬನಿರಲಾರ. ಫೋನಿಗೂ ಹೆಂಡತಿಯೇ ಉತ್ತರಿಸುತ್ತಿದ್ದಳು.

ಕೆಲಸಕ್ಕೆ ಮರಳಿದ ದಿನ ಮಾಸ್ಕ್ ಧರಿಸಿ ಗ್ಯಾರೇಜಿಗೆ ಹೋದ. ಯಾರೂ ನೋಡದಾಗ ನೆಲಕ್ಕೆ ಒಂದಿಷ್ಟು ಎಣ್ಣೆ ಚೆಲ್ಲಿದ. ಎಲ್ಲರೂ ನೋಡುವಾಗ ಅದರ ಮೇಲೆ ಕಾಲಿಟ್ಟ. ಬಂಪರನ್ನು ಅಂಗೈಯಿಂದ ದಢಾರನೆ ಗುದ್ದಿ, ಮುಖ ಮುಚ್ಚಿಕೊಂಡು ಕುಸಿದು, ಕೈಮರೆಯಲ್ಲೇ ಮಾಸ್ಕ್ ಸರಿಸಿ ಗುಂಡುಪಿನ್ನಿನಿಂದ ತುಟಿ ಚುಚ್ಚಿಕೊಂಡ. ಮುಷ್ಟಿಯಲ್ಲಿದ್ದ ಹಲ್ಲುಗಳು ನೆಲಕ್ಕೆ ಉದುರಿದವು.

"ಅಯ್ಯಯ್ಯೋ, ಸಾರ್ ಹಲ್ಲು ಬಿತ್ತು! ಯಾರೂ ತುಳೀಬೇಡ್ರೋ!" ಎಂದು ಮೆಕ್ಯಾನಿಕ್ ಕೂಗಿದ. ಇಡೀ ಗ್ಯಾರೇಜು ಅಂಬೆಗಾಲಿಟ್ಟಿತು. ಒಂದು ಹಲ್ಲು ಜಾಕಿನ ಕೆಳಗೆ ಸಿಕ್ಕಿತು, ಇನ್ನೊಂದು ಟೈರಿನ ಪಕ್ಕದಲ್ಲಿ. ಯಾರ ಕ್ಲೇಮಿಗೆ ಕತ್ತರಿ ಹಾಕಲು ಅವನು ಬಂದಿದ್ದನೋ ಆ ಕಾರಿನ ಯಜಮಾನನೇ ಕಣ್ಣಲ್ಲಿ ನೀರು ತಂದುಕೊಂಡು, "ಸಾಕ್ಷಿ ಬೇಕಾದ್ರೆ ನಾನಿದೀನಿ ಸಾರ್" ಅಂದ. ಎಂಥ ಸೊಗಸಾದ ಅಪಘಾತ! ಬೇರೆ ಯಾರದಾದರೂ ಆಗಿದ್ದರೆ ತಾನೇ ಮರುಮಾತಿಲ್ಲದೆ ಹಣ ಮಂಜೂರು ಮಾಡುತ್ತಿದ್ದೆ ಎಂದುಕೊಂಡ ಸರ್ವೇಯರ್, ನೋವಿನಿಂದ ನರಳುತ್ತಾ.

ಮೆಕ್ಯಾನಿಕ್ ಅವನನ್ನು ನೇರವಾಗಿ ಕಂಪನಿ ಒಪ್ಪಿದ ದಂತವೈದ್ಯೆಯ ಬಳಿಗೇ ಕರೆತಂದ. ಆಕೆ ದೀಪವನ್ನು ಅವನ ಬಾಯಿಯ ಹತ್ತಿರಕ್ಕೆ ಎಳೆದು, ಪುಟ್ಟ ಕನ್ನಡಿ ಒಳಗಿಟ್ಟು ನೋಡಿದಳು. "ಯಾವಾಗ ಬಿದ್ರಿ?" ಎಂದು ಕೇಳಿದಳು. "ಈಗ್ತಾನೇ ಮೇಡಂ, ನಾವೆಲ್ಲ ಕಣ್ಣಾರೆ ನೋಡಿದ್ವಿ" ಎಂದ ಮೆಕ್ಯಾನಿಕ್, ಕರವಸ್ತ್ರದಲ್ಲಿದ್ದ ಹಲ್ಲುಗಳನ್ನು ಮುಂದೆ ಹಿಡಿದು. ವೈದ್ಯೆ ಮುಂಬಲ್ಲುಗಳಿರಬೇಕಾದ ಜಾಗವನ್ನು ಬೆರಳಿನಿಂದ ಒತ್ತಿದಳು. "ಆದ್ರೆ ಇಲ್ಲಿ ಗಾಯಾನೇ ಇಲ್ವಲ್ಲ. ಒಸಡು ಮುಚ್ಕೊಂಡಿದೆ, ತುಂಬ ಚೆನ್ನಾಗಿ ವಾಸಿಯಾಗಿದೆ. ಈ ಹಲ್ಲು ಹೋಗಿ ವಾರಗಳೇ ಆಗಿವೆ." ಆಕೆ ಕಂಪನಿಗೆ ಫೋನ್ ಮಾಡಲು ಎದ್ದಳು. ಸರ್ವೇಯರ್ ಬಾಯಿ ತೆರೆದೇ ಇದ್ದ. ತನ್ನ ವೃತ್ತಿಯಲ್ಲಿ ಅವನು ಸಾವಿರಾರು ಬಂಪರುಗಳನ್ನು ನೋಡಿದ್ದ, ಒಂದೂ ತಾನಾಗಿಯೇ ವಾಸಿಯಾಗಿರಲಿಲ್ಲ.