ಸೋಲದ ಟೀಮಿಗೆ ಹುಮನಾಬಾದಿನ ಊಟ

ವಾಡೆಯ ಬಾಗಿಲು ಧಡ್ ಎಂದು ಮುಚ್ಚಿತು. ಅಗಳಿ ಬಿತ್ತು!

ನನ್ನ ಹಿಂದೆ ಗೋಡೆ. ಎದುರಿಗೆ ಹನ್ನೊಂದು ಮಂದಿ ಕಟ್ಟಾಳುಗಳು. ಒಬ್ಬೊಬ್ಬರ ಕೈಯಲ್ಲೂ...

ತುಪ್ಪದ ತಂಬಿಗೆ. ಹೋಳಿಗೆ ತುಂಬಿದ ದೊಡ್ಡ ಪರಾತ.

ನಗಬೇಡಿ ಸ್ವಾಮಿ. ಚಾಕು ಚೂರಿ ನಾನು ಬಹಳ ನೋಡಿದ್ದೇನೆ. ಇದು ಅದಕ್ಕಿಂತ ಡೇಂಜರ್!

ನನ್ನ ಹೆಸರು ತುಳಜಾರಾಮ. ಇದು ೧೯೪೪ರ ಮಾತು. ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎನ್ನುತ್ತಿದ್ದರು. ಅಲ್ಲಿಯ ಕಾಲೇಜ್ ಫುಟ್‌ಬಾಲ್ ಟೀಮಿಗೆ ನಾನು ಮ್ಯಾನೇಜರ್. ಅಂದರೆ, ಆಟ ಬಿಟ್ಟು ಉಳಿದ ಗದ್ದಲವೆಲ್ಲ ನನ್ನದು.

ಆ ವರ್ಷ ಹತ್ತು ಮ್ಯಾಚ್ ಆಡಿದ್ದೆವು. ಒಂದೂ ಸೋತಿರಲಿಲ್ಲ. ಇದು ಕೊನೆಯದು. ಪ್ರಿನ್ಸಿಪಾಲರು ಮೊದಲೇ ಗುಡುಗಿದ್ದರು... ಒಂದು ಸೋತರೂ ಟೀಮ್ ಬಂದ್, ಬಾಲ್ ಬೀರುವಿನೊಳಗೆ. ಸೋಲದಿದ್ದರೆ ಹೈದರಾಬಾದ್ ಟೂರ್ನಮೆಂಟ್!

ಎದುರಾಳಿ ಹುಮನಾಬಾದ್. ಆ ಟೀಮನ್ನು ಸಾಕಿದವರು ಅಮೋಘಸಿದ್ದಪ್ಪ ಪಾಟೀಲರು. ನಾಲ್ಕಕ್ಕೆ ಮ್ಯಾಚ್. ಒಂದಕ್ಕೆ ಅವರ ವಾಡೆಯಲ್ಲಿ ನಮಗೆ ಊಟ.

ಪಾಟೀಲರು ನನ್ನ ಹೆಗಲು ಅದುಮಿದರು. ಅದು ಕೈಯಲ್ಲ, ಇಕ್ಕಳ.

"ನಮ್ಮ ಟೀಮಿನವ್ರಿಗೇ ಬಡಸಾಕ ಹಚ್ಚೇನಿ, ತುಳಜಾರಾಮ. ಹೊಟ್ಟಿ ಬಿರಿಯಂಗ ಉಣ್ಣಬೇಕು!"

"ಒಲ್ಲೆ ಅಂದ್ರ?"

"ಮನಿಗಿ ಬಂದು ಒಲ್ಲೆ ಅಂದವ್ರನ್ನ ನಮ್ಮವ್ವ ಸುಮ್ನ ಬಿಡಂಗಿಲ್ಲ."

ಅವ್ವ ಕಾಂತಾಬಾಯಿ ಬಾಗಿಲ ಬಳಿ ಹೊರಸಿನ ಮೇಲೆ ಕೂತಿದ್ದರು. ಎಂಬತ್ತು ವರ್ಷ. ಕೈಯಲ್ಲಿ ಬಡಿಗೆ.

ಪಾಟೀಲರ ಪ್ಲಾನ್ ಸ್ಪಷ್ಟ. ಹೊಟ್ಟೆ ಬಿರಿದ ಎತ್ತು ಓಡುವುದಿಲ್ಲ!

ಅಷ್ಟರಲ್ಲಿ ಅವರ ಸೆಂಟರ್ ಫಾರ್ವರ್ಡ್ ಮೊಹಿನುದ್ದೀನ್ ಪರಾತದಿಂದ ಒಂದು ಚೂರು ಮುರಿದು ಬಾಯಿಗೆ ಎತ್ತಿದ.

ಠಪ್! ಬಡಿಗೆ ಬಿತ್ತು.

"ಏ ಖೋಡಿ! ಬಂದ ಮಂದಿ ಏಳೋಕಿಂತ ಮದ್ಲ ಬಡಸಾಂವ ಉಣ್ಣತಾನೇನು? ಕಡೀ ಮನಷ್ಯಾ ಕೈ ತೊಳಿಯೋತನಕ ಚೂರೂ ಮುಟ್ಟಬ್ಯಾಡ!"

"ಮುಂಜಾನಿಂದ ನಾವ್ಯಾರೂ ಏನೂ ತಿಂದಿಲ್ರಿ ಅಜ್ಜಿ..."

"ತಡಕೋ!"

ಸಿಕ್ಕಿತು ದಾರಿ!

ಊಟದ ಸಾಲಿನಲ್ಲಿ ಪಕ್ಕಕ್ಕೆ ಕೂತಿದ್ದ ನಮ್ಮ ಕ್ಯಾಪ್ಟನ್ ಮಕ್ಬೂಲನ ಕಿವಿಯಲ್ಲಿ ಉಸುರಿದೆ.

"ಯಾರೂ ಎಲಿ ಖಾಲಿ ಮಾಡಬ್ಯಾಡ್ರಿ. ಒಂದು ಹೋಳಿಗಿ, ಮೂರು ತಾಸು. ಮುಂದಿನವಂಗ ಹೇಳು."

"ಮ್ಯಾಲ ಮತ್ತ ಹಾಕಿದ್ರ?"

"ಇದ್ದದ್ದು ಮುಗಿಯೋಕಿಂತ ಮದ್ಲ ಮತ್ತೊಂದು ಹಾಕಿದ್ರ ಅಜ್ಜಿ ಬಡಗಿ ಎತ್ತತಾಳ. ಅನ್ನ ಹಾಳಾಗತದಲ್ಲ!"

"ಮತ್ತ ನೀವ್ರಿ?"

"ನಾ ಉಣ್ಣತೀನಿ. ಒಬ್ಬರ ಉಣ್ಣಾಕತ್ತಿದ್ರ ಪಂಗತಿ ಏಳಂಗಿಲ್ಲ."

ಗಂಟೆ ಎರಡಾಯಿತು. ಮೂರಾಯಿತು. ನಾನು ನುಂಗಿದೆ... ಮತ್ತೆ ನುಂಗಿದೆ. ನನ್ನ ಬೆವರೇ ತುಪ್ಪದ ವಾಸನೆ ಹೊಡೆಯಿತು!

ಬಡಿಸುವವರ ಕಣ್ಣೆಲ್ಲ ಪರಾತದ ಮೇಲೆ. ಪಾಟೀಲರ ಮುಖ ಕಪ್ಪಿಟ್ಟಿತು. ಈಗ ಅರ್ಥವಾಗಿತ್ತು ಅವರಿಗೆ!

"ಅವ್ವಾ, ನಮ್ಮ ಹುಡುಗ್ರು ನಾಕು ತುತ್ತು..."

"ಸುಮ್ಕಿರು! ಪಾಪ, ಈ ತಮ್ಮ ಎಷ್ಟು ಪ್ರೀತಿಲಿಂದ ಉಣ್ಣಾಕತ್ತಾನ. ಹಾಕು ಇನ್ನೊಂದು!"

ಪಾಟೀಲರು ನನ್ನ ಕಿವಿಯತ್ತ ಬಗ್ಗಿದರು. ಹಲ್ಲು ಕಡಿದರು.

"ಏಳ್ತೀಯೋ, ಕಾಲು ಮುರೀಲೋ?"

"ತುಪ್ಪ ಹಾಕ್ರಿ," ಎಂದೆ.

ನಾಲ್ಕಕ್ಕೆ ಐದೇ ನಿಮಿಷ ಇದ್ದಾಗ ಕೈ ತೊಳೆದೆ. ಮೈದಾನದಲ್ಲಿ ರೆಫ್ರಿಯ ಸೀಟಿ! ಅವರ ಹಸಿದ ಹನ್ನೊಂದು ಮಂದಿ ಹೋಳಿಗೆಗೆ ಬೆನ್ನು ಮಾಡಿ ಓಡಿದರು.

ಅರ್ಧ ಆಟ ಅವರು ಹುಲಿಗಳಂತೆ ಆಡಿದರು. ಸುಳ್ಳು ಹೇಳುವುದಿಲ್ಲ. ಆಮೇಲೆ ಒಬ್ಬೊಬ್ಬರೇ ಓಟ ಬಿಟ್ಟು ನಡೆಯತೊಡಗಿದರು. ಮೊಹಿನುದ್ದೀನ್ ಹುಲ್ಲಿನ ಮೇಲೆ ಕೂತೇಬಿಟ್ಟ. ಕೊನೆಯ ನಿಮಿಷ... ಮಕ್ಬೂಲ ನುಗ್ಗಿದ...

ಗೋಲ್! ಒಂದು–ಸೊನ್ನೆ!

ಹನ್ನೊಂದು ಮ್ಯಾಚ್. ಸೋಲಿಲ್ಲ. ಹುಡುಗರು ಹೈದರಾಬಾದಿನ ರೈಲು ಹತ್ತಿದರು.

ನಾನು ದವಾಖಾನೆಯ ಮಂಚ ಹತ್ತಿದೆ. ಡಾಕ್ಟರು ಹೊಟ್ಟೆ ಒತ್ತಿದರು.

"ಎಷ್ಟು ತಿಂದ್ರಿ?"

"ಇಪ್ಪತ್ಮೂರು ಹೋಳಿಗಿ."

"ಸಾಯತಿದ್ರಲ್ರೀ! ನಡುವ ಎದ್ದು ಬರಬೇಕಿಲ್ಲೇನು?"

"ಹ್ಯಾಂಗ ಬರಲಿರಿ... ನನ್ನ ಬದಲಿಗಿ ಆಡಾಕ ಯಾರೂ ಇರಲಿಲ್ಲ!"